ಡೋರ್ ಸ್ಪೀಕರ್‌ಗೆ ನೀರು ತಾಗದಿರಲು: ಫೋಮ್ ಕಪ್ಪಾ, ಪ್ಲಾಸ್ಟಿಕ್ ಸೂರಾ, ಡ್ಯಾಂಪಿಂಗ್ ಶೀಟಾ?

ಕಾರಿನ ಬಾಗಿಲಿನೊಳಗೆ ಮಳೆನೀರು ಹೋಗುತ್ತದೆ ಅಂದರೆ ತುಂಬಾ ಜನ ನಂಬುವುದಿಲ್ಲ. ಹೊಸ ಕಾರು, ಲೀಕೇಜ್ ಹೇಗೆ ಬರುತ್ತೆ ಅಂತ ಕೇಳುತ್ತಾರೆ. ಅದು ಲೀಕೇಜ್ ಅಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ಗ್ಲಾಸ್ ಮೇಲೆ ಕೆಳಗೆ ಓಡಾಡಬೇಕು. ಹಾಗಾಗಿ ಹೊರಗಿನ ರಬ್ಬರ್ ಬೀಡಿಂಗ್ ಗ್ಲಾಸನ್ನು ಒರೆಸುತ್ತದೆ ಅಷ್ಟೇ, ಪೂರ್ತಿ ಮುಚ್ಚುವುದಿಲ್ಲ. ಅಲ್ಲಿಂದ ಜಾರಿದ ನೀರು ಗ್ಲಾಸ್ ಗುಂಟ ಬಾಗಿಲಿನ ಹೊಟ್ಟೆಗೆ ಇಳಿದು, ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಸ್ಪೀಕರ್ ಕೂತಿರುವುದು ಇದೇ ದಾರಿಯ ಪಕ್ಕದಲ್ಲಿ. ಅದರ ಮುಖ ನಮ್ಮ ಕಾಲಿನ ಕಡೆ ಒಣಗಿಕೊಂಡಿರುತ್ತದೆ. ಬೆನ್ನು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಗೂಡಿನಲ್ಲಿರುತ್ತದೆ.

ಕಂಪನಿಯಿಂದ ಬಂದ ಸ್ಪೀಕರ್‌ಗಳು ಇದನ್ನು ತಡೆದುಕೊಳ್ಳುತ್ತವೆ. ಸಾಮಾನ್ಯವಾಗಿ ಅವುಗಳ ಚೌಕಟ್ಟು ಪ್ಲಾಸ್ಟಿಕ್ಕಿನದು. ಎಷ್ಟೋ ಮಾಡೆಲ್‌ಗಳಲ್ಲಿ ಚೌಕಟ್ಟಿನ ಮೇಲ್ಭಾಗದಲ್ಲೇ ಒಂದು ಸಣ್ಣ ಅಂಚು ಹೊರಗೆ ಚಾಚಿರುತ್ತದೆ, ತೊಟ್ಟಿಕ್ಕುವ ನೀರು ಕೋನ್ (ಅದುರಿ ಸದ್ದು ಹೊರಡಿಸುವ ಆಲಿಕೆಯಾಕಾರದ ಹಾಳೆ) ಮೇಲೆ ಬೀಳದಂತೆ. ಸೌಂಡ್ ಹೇಗೇ ಇರಲಿ, ಹತ್ತು ವರ್ಷ ಮಳೆ ತಿಂದರೂ ಅವು ಬದುಕಿರುತ್ತವೆ. ತಂಟೆ ಶುರುವಾಗುವುದು ನಾವು ಅದನ್ನು ಕಿತ್ತು, ಕಬ್ಬಿಣದ ಚೌಕಟ್ಟಿನ ದೊಡ್ಡ ಮ್ಯಾಗ್ನೆಟ್‌ನ ಹೊಸ ಸ್ಪೀಕರ್ ಕೂರಿಸಿದಾಗ. ಅಂಗಡಿಯಲ್ಲಿ ಆಗ ಒಂದೊಂದು ಕಡೆ ಒಂದೊಂದು ಮಾತು. ಫೋಮ್ ಕಪ್ ಹಾಕಿಸಿ ಅಂತ ಒಬ್ಬರು, ಡ್ಯಾಂಪಿಂಗ್ (ತಗಡು ಅದುರದಂತೆ ಶೀಟ್ ಅಂಟಿಸುವುದು) ಮಾಡಿಸಿದರೆ ಸಾಕು ಅಂತ ಇನ್ನೊಬ್ಬರು, ಏನೂ ಬೇಡ ಸಾರ್ ಅಂತ ಮತ್ತೊಬ್ಬರು. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ನಿಮ್ಮ ಕಾರಿಗೆ ಯಾವುದು ಸರಿ ಅನ್ನೋದನ್ನ ನೋಡೋಣ.

ಹಾಳಾಗುವುದು ಯಾವ ಭಾಗ?

ಎರಡು ಮೂರು ಮಳೆಗಾಲ ಕಂಡ ಸ್ಪೀಕರನ್ನು ಬಿಚ್ಚಿ ಬೆನ್ನು ತಿರುಗಿಸಿ ನೋಡಿ. ಮ್ಯಾಗ್ನೆಟ್ ಹಿಂದಿನ ಕಬ್ಬಿಣದ ತಟ್ಟೆಯ ಮೇಲೆ ಕಂದು ಪುಡಿ ಇರುತ್ತದೆ, ಬೆರಳಿಗೆ ಅಂಟುತ್ತದೆ. ಚೌಕಟ್ಟಿನ ಒಂದು ಕಾಲಿನ ಗುಂಟ ನೀರು ಇಳಿದ ಗೆರೆ ಕಾಣುತ್ತದೆ. ವೈರ್ ಸಿಕ್ಕಿಸುವ ಟರ್ಮಿನಲ್ ಹತ್ತಿರ ಹಸಿರು ಪಾಚಿಯಂಥ ಬಣ್ಣ, ಅದು ತಾಮ್ರದ ಕಿಲುಬು. ಕೋನ್ ಸಾದಾ ಪೇಪರ್‌ನದಾಗಿದ್ದರೆ ಕೆಳಗಿನ ಅರ್ಧ ಸುಕ್ಕುಗಟ್ಟಿರುತ್ತದೆ.

ಇದರಲ್ಲಿ ಸ್ಪೀಕರನ್ನು ನಿಜವಾಗಿ ಕೊಲ್ಲುವುದು ತುಕ್ಕಿನ ಪುಡಿ. ಕೋನನ್ನು ಅದುರಿಸುವ ತಂತಿ ಸುರುಳಿ, ಅಂದರೆ ಕಾಯಿಲ್, ಓಡಾಡುವ ಸಂದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ಅಲ್ಲಿಗೆ ಒಂದು ಕಣ ಹೊಕ್ಕರೂ ಸಾಕು, ಬೇಸ್ ಬಂದಾಗಲೆಲ್ಲ ಕರಕರ ಅನ್ನುತ್ತದೆ. ಕಪ್ಪು ಫೆರೈಟ್ ಮ್ಯಾಗ್ನೆಟ್‌ಗೆ ತುಕ್ಕು ಹಿಡಿಯುವುದಿಲ್ಲ, ಅದರ ಎರಡೂ ಪಕ್ಕದ ಕಬ್ಬಿಣದ ತಟ್ಟೆಗಳಿಗೆ ಹಿಡಿಯುತ್ತದೆ. ನಿಯೋಡಿಮಿಯಂ ಮ್ಯಾಗ್ನೆಟ್ ಆದರೆ ಇನ್ನೂ ಜೋಪಾನ, ಮೇಲಿನ ಲೇಪನ ಕಿತ್ತರೆ ಮ್ಯಾಗ್ನೆಟ್ಟೇ ತುಕ್ಕು ತಿನ್ನುತ್ತದೆ.

ಕಾಂಪೊನೆಂಟ್ ಸೆಟ್ (ದೊಡ್ಡ ಸ್ಪೀಕರ್ ಬೇರೆ, ಸಣ್ಣ ಟ್ವೀಟರ್ ಬೇರೆ ಇರುವುದು) ಹಾಕಿಸುವವರು ಮರೆಯುವುದು ಎರಡಕ್ಕೂ ದನಿ ಹಂಚುವ ಕ್ರಾಸ್‌ಓವರ್ ಡಬ್ಬಿಯನ್ನು. ಜಾಗ ಇದೆ ಅಂತ ಅದನ್ನು ಬಾಗಿಲಿನ ಹೊಟ್ಟೆಯೊಳಗೇ ಅಂಟಿಸಿಬಿಡುತ್ತಾರೆ. ಅದಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಅದು ಇರಬೇಕಾದ್ದು ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಮತ್ತು ಒಳತಗಡಿನ ನಡುವೆ, ಒಣ ಬದಿಯಲ್ಲಿ, ಇಲ್ಲವೇ ಡ್ಯಾಶ್‌ಬೋರ್ಡ್ ಕೆಳಗೆ.

ಮೊದಲು ಒಂದು ಮಗ್ ನೀರು

ಯಾವುದನ್ನೂ ಕೊಳ್ಳುವ ಮೊದಲು ಡೋರ್ ಪ್ಯಾಡ್ ತೆಗೆಸಿ. ಗ್ಲಾಸ್ ಪೂರ್ತಿ ಮೇಲಿರಲಿ. ಹೊರಗಿನಿಂದ ಒಬ್ಬರು ಗ್ಲಾಸ್ ಮೇಲೆ ಒಂದು ಮಗ್ ನೀರನ್ನು ನಿಧಾನಕ್ಕೆ ಸುರಿಯಲಿ. ನೀವು ಸ್ಪೀಕರ್ ತೂತಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕೆಲವು ಕಾರುಗಳಲ್ಲಿ ನೀರು ಹೊರತಗಡಿನ ಕಡೆಯಿಂದಲೇ ನೇರ ತಳಕ್ಕೆ ಇಳಿಯುತ್ತದೆ, ಸ್ಪೀಕರ್ ಹತ್ತಿರವೂ ಸುಳಿಯುವುದಿಲ್ಲ. ಕೆಲವದರಲ್ಲಿ ಗ್ಲಾಸ್ ಹಿಡಿಯುವ ಕಬ್ಬಿಣದ ಪಟ್ಟಿಯಿಂದಲೋ ವೈರ್ ಗುಂಟಲೋ ಬಂದು ಸರಿಯಾಗಿ ಮ್ಯಾಗ್ನೆಟ್ ಮೇಲೆ ತೊಟ್ಟಿಕ್ಕುತ್ತದೆ. ಬೀಡಿಂಗ್ ಒಣಗಿ ಬಿರುಕುಬಿಟ್ಟ ಹಳೆ ಕಾರಾದರೆ ಸುರಿದ ನೀರಿನಲ್ಲಿ ಜಾಸ್ತಿ ಪಾಲು ಒಳಗೇ ಬರುತ್ತದೆ. ಆಗ ಮೊದಲು ಬೀಡಿಂಗ್ ಬದಲಿಸಿ, ಸ್ಪೀಕರ್ ಮಾತು ಆಮೇಲೆ.

ಹಾಗೇ ತಳದ ತೂತುಗಳನ್ನೂ ನೋಡಿ. ಬಾಗಿಲು ಹಾಕುವಾಗ ಒಳಗೆ ಗುಳುಗುಳು ಅಂದರೆ ನೀರು ನಿಂತಿದೆ ಅಂತಲೇ ಅರ್ಥ. ಎಲೆಚೂರು, ಕೆಸರು ಮುಚ್ಚಿರಬಹುದು. ಆ್ಯಂಟಿ ರಸ್ಟ್ ಕೋಟಿಂಗ್ ಹೊಡೆಯುವಾಗ ತೂತಿನ ಮೇಲೂ ಬಳಿದುಬಿಟ್ಟಿರಬಹುದು. ತೆಂಗಿನ ಪೊರಕೆ ಕಡ್ಡಿ ಸಾಕು, ಚುಚ್ಚಿ ಬಿಡಿಸಬಹುದು. ತೂತು ಮುಚ್ಚಿದ ಬಾಗಿಲಿಗೆ ಎಷ್ಟು ದುಬಾರಿ ಕಪ್ ಹಾಕಿದರೂ ಸ್ಪೀಕರ್ ಉಗಿಯಲ್ಲೇ ಬೇಯುತ್ತಿರುತ್ತದೆ.

ಹರಿದ ಪ್ಲಾಸ್ಟಿಕ್ ಶೀಟ್

ಡೋರ್ ಪ್ಯಾಡ್ ಹಿಂದೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಕೆಲವು ಕಾರಿನಲ್ಲಿ ಫೋಮ್‌ನದು. ಕಪ್ಪು ಅಂಟು ಬ್ಯೂಟೈಲ್‌ನಲ್ಲಿ ಹಿಡಿಸಿರುತ್ತಾರೆ. ನೋಡಲಿಕ್ಕೆ ಪ್ಯಾಕಿಂಗ್ ಕವರ್ ಥರ ಕಾಣುವುದರಿಂದ ಇದಕ್ಕೆ ಮರ್ಯಾದೆ ಕಡಿಮೆ. ಸ್ಪೀಕರ್ ಹಾಕುವವರು ಬ್ಲೇಡ್ ಎಳೆದು ಕತ್ತರಿಸುತ್ತಾರೆ, ಅಥವಾ ಅರ್ಧ ಕಿತ್ತು ಸೆಲೋಟೇಪ್ ಹಚ್ಚಿ ಪ್ಯಾಡ್ ಮುಚ್ಚುತ್ತಾರೆ. ಸೆಲೋಟೇಪ್ ಮೊದಲ ಮಳೆಗೇ ಬಿಡುತ್ತದೆ.

ಬಾಗಿಲಿನ ಒದ್ದೆ ಬದಿ ಮತ್ತು ಒಣ ಬದಿ ಬೇರೆಯಾಗುವುದೇ ಈ ಹಾಳೆಯಿಂದ. ಅದರ ಕೆಳಗಿನ ಅಂಚು ಗಮನಿಸಿ. ಅದು ತಗಡಿನ ಮೇಲೆ ಹೊರಗೆ ಇರುವುದಿಲ್ಲ, ತಗಡಿನ ಸೀಳಿನೊಳಗೆ ತೂರಿಸಿರುತ್ತಾರೆ. ಹಂಚಿನ ಮಾಡಿನಲ್ಲಿ ಮೇಲಿನ ಹಂಚು ಕೆಳಗಿನದರ ಮೇಲೆ ಬರುವ ಹಾಗೆ, ಹಾಳೆ ಮೇಲೆ ಇಳಿದ ನೀರು ಮತ್ತೆ ಬಾಗಿಲಿನೊಳಕ್ಕೇ ಬೀಳಬೇಕು. ಈ ಅಂಚನ್ನು ಹೊರಗೆ ಅಂಟಿಸಿದರೆ ನೀರು ಡೋರ್ ಪ್ಯಾಡ್‌ಗೆ ಬರುತ್ತದೆ, ಪ್ಯಾಡ್ ಉಬ್ಬುತ್ತದೆ, ಕಾಲಿನ ಕೆಳಗಿನ ಮ್ಯಾಟ್ ಒದ್ದೆಯಾಗುತ್ತದೆ, ಕಾರಿಗೆ ಬೂಸಲು ವಾಸನೆ ಬರುತ್ತದೆ. ಆಗ ಎಲ್ಲರೂ ಎಸಿ ಡ್ರೈನ್ ಪೈಪ್ ಹುಡುಕುತ್ತಾ ಕೂರುತ್ತಾರೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಮೊದಲ ಖರ್ಚು ಇದಕ್ಕೇ. ಹೊಸ ಶೀಟ್ ಸ್ಪೇರ್ ಪಾರ್ಟ್ ಆಗಿ ಸಿಕ್ಕರೆ ತನ್ನಿ. ಸಿಗದಿದ್ದರೆ ದಪ್ಪ ಪಾಲಿಥಿನ್ ಹಾಳೆಯನ್ನು ಹಳೆಯದರ ಅಳತೆಗೆ ಕತ್ತರಿಸಿ, ಬ್ಯೂಟೈಲ್ ಟೇಪಿನಲ್ಲಿ ಹಿಡಿಸಿ. ಬ್ಯೂಟೈಲ್ ಗಟ್ಟಿಯಾಗುವುದಿಲ್ಲ, ಮುಂದೆ ಪವರ್ ವಿಂಡೋ ಮೋಟರ್ ಕೆಟ್ಟಾಗ ಬಿಚ್ಚಿ ಮತ್ತೆ ಒತ್ತಬಹುದು. ಸಿಲಿಕಾನ್ ಹಾಕಲೇಬೇಕಾದರೆ ವಿನೆಗರ್ ವಾಸನೆ ಬರುವ ಬಗೆ ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ.

ಆದರೆ ಈ ಹಾಳೆ ಕಾಯುವುದು ಕಾರಿನ ಒಳಗನ್ನು. ಸ್ಪೀಕರ್‌ನ ಬೆನ್ನು ಹಾಳೆಯ ಆಚೆ ಒದ್ದೆ ಬದಿಯಲ್ಲೇ ಉಳಿಯುತ್ತದೆ. ಮಗ್ ನೀರಿನ ಪರೀಕ್ಷೆಯಲ್ಲಿ ಹನಿ ಸ್ಪೀಕರ್ ಮೇಲೆ ಬೀಳುತ್ತಿದ್ದರೆ, ಇಲ್ಲವೇ ಮಳೆ ಜಾಸ್ತಿ ಇರುವ ಊರು, ರಸ್ತೆಯಲ್ಲೇ ನಿಲ್ಲುವ ಕಾರಾದರೆ ಮುಂದಿನದನ್ನು ಯೋಚಿಸಿ.

ಫೋಮ್ ಕಪ್: ಪೂರ್ತಿಯಾ, ಅರ್ಧವಾ?

ಆನ್‌ಲೈನ್‌ನಲ್ಲಿ ಬ್ಯಾಫಲ್ ಅಂತ ಹುಡುಕಿದರೆ ಬರುವುದು ಇದೇ. ಬಟ್ಟಲಿನ ಆಕಾರದ ಕಪ್ಪು ಫೋಮ್, 6.5 ಇಂಚಿನ ಸ್ಪೀಕರ್‌ಗೆ ಒಂದು ಸೈಜು, 6x9 ಇಂಚಿನ ಅಂಡಾಕಾರದ್ದಕ್ಕೆ ಇನ್ನೊಂದು. ಸ್ಪೀಕರ್ ಬೆನ್ನನ್ನು ಪೂರ್ತಿ ಮುಚ್ಚುತ್ತದೆ. ಬೆಲೆಯೂ ಕಡಿಮೆ. ಜನ ಖುಷಿಯಿಂದ ಹಾಕಿಸುತ್ತಾರೆ, ವಾರದಲ್ಲಿ ಬೇಸ್ ಎಲ್ಲಿ ಹೋಯ್ತು ಅಂತ ಕೇಳುತ್ತಾರೆ.

ಬೇಸ್ ಹೋಗಲಿಕ್ಕೆ ಕಾರಣ ಸರಳ. ಕೋನ್ ಹಿಂದಕ್ಕೆ ಹೋಗುವಾಗ ಅಲ್ಲಿನ ಗಾಳಿಯನ್ನು ಒತ್ತಬೇಕು. ಬಾಗಿಲಿನ ಹೊಟ್ಟೆಯಲ್ಲಿ ಹತ್ತಾರು ಲೀಟರ್ ಗಾಳಿ ಇದೆ, ಒತ್ತಿದರೆ ಒತ್ತಿಸಿಕೊಳ್ಳುತ್ತದೆ. ಕಪ್ಪಿನೊಳಗೆ ಸ್ಪೀಕರ್ ಕೂತ ಮೇಲೆ ಉಳಿಯುವುದು ಒಂದು ಲೀಟರ್ ಆಸುಪಾಸು. ಅಷ್ಟು ಗಾಳಿ ಕೋನನ್ನು ವಾಪಸ್ ತಳ್ಳುತ್ತದೆ. ಸ್ಪೀಕರ್‌ನ ಅನುರಣನೆ, ಅಂದರೆ ಅದು ತಾನಾಗಿ ಅದುರುವ ಆವರ್ತನ, ಮೇಲಕ್ಕೆ ಏರುತ್ತದೆ, ತಬಲಾದ ಎಡಗೈ ಪೆಟ್ಟು ಸಪ್ಪೆಯಾಗುತ್ತದೆ, ಗಂಡುದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಡಿಕ್ಕಿಯಲ್ಲಿ ಬೇಸ್‌ಗೆ ಅಂತಲೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್ ಇದ್ದು, ಡೋರ್ ಸ್ಪೀಕರ್‌ಗಳನ್ನು 80 ಹರ್ಟ್ಸ್‌ಗಿಂತ ಕೆಳಗೆ ಕಟ್ ಮಾಡಿಸಿದ್ದರೆ ಈ ನಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ಸಬ್ ಇಲ್ಲದವರಿಗೆ ಪೂರ್ತಿ ಕಪ್ ಬೇಡವೇ ಬೇಡ.

ಎರಡನೇ ತಕರಾರು ಫೋಮ್‌ನದೇ. ಒಳ್ಳೆಯ ಕಪ್‌ಗಳು ಮುಚ್ಚಿದ ರಂಧ್ರಗಳ ಫೋಮ್‌ನಿಂದ ಆಗಿರುತ್ತವೆ, ನೀರು ಹೀರುವುದಿಲ್ಲ. ಅಗ್ಗದವು ಪಾತ್ರೆ ತೊಳೆಯುವ ಸ್ಪಂಜಿನ ಜಾತಿ. ಅಂಚಿನಿಂದ ಒಂದು ಚೂರು ಕತ್ತರಿಸಿ ಲೋಟದ ನೀರಿನಲ್ಲಿ ಮುಳುಗಿಸಿ ಹಿಂಡಿ ನೋಡಿ. ನೀರು ಬಂದರೆ ವಾಪಸ್ ಕೊಡಿ. ಅಂಥದ್ದನ್ನು ಹಾಕಿದರೆ ಸ್ಪೀಕರ್‌ಗೆ ಒದ್ದೆ ಬಟ್ಟೆ ಸುತ್ತಿ ಇಟ್ಟಂತೆಯೇ ಸರಿ. ಇನ್ನೊಂದು, ಪೂರ್ತಿ ಕಪ್ಪಿನೊಳಗೆ ಹೇಗೋ ನುಸುಳಿದ ನೀರಿಗೆ ಹೊರಹೋಗಲು ದಾರಿ ಇಲ್ಲ. ತಳದಲ್ಲಿ ನಿಂತು ಆವಿಯಾಗಿ ಮತ್ತೆ ಅಲ್ಲೇ ಬೆವರುತ್ತದೆ.

ಇದಕ್ಕೆ ಮದ್ದು ಕತ್ತರಿ. ಕಪ್ಪಿನ ಕೆಳಗಿನ ಅರ್ಧವನ್ನೂ ಹಿಂಭಾಗದ ತಳವನ್ನೂ ಕತ್ತರಿಸಿ ತೆಗೆದರೆ ಮೇಲಿನ ಕಮಾನು ಮಾತ್ರ ಉಳಿಯುತ್ತದೆ. ಹನಿ ಅದರ ಮೇಲೆ ಬಿದ್ದು ಪಕ್ಕಕ್ಕೆ ಜಾರುತ್ತದೆ, ಕೋನ್‌ಗೆ ಬಾಗಿಲಿನ ಗಾಳಿ ಪೂರ್ತಿ ಸಿಗುತ್ತದೆ. ಬೇಸ್‌ನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನೀರು ಹೀರದ ಫೋಮ್ ಸಿಕ್ಕರೆ ಇದು ಒಳ್ಳೆ ಆಯ್ಕೆ.

ಸಿಲಿಕಾನ್ ಕಪ್‌ಗಳೂ ಬರುತ್ತವೆ. ನೀರು ಹೀರುವ ಚಿಂತೆ ಇಲ್ಲ, ಬಿಸಿಲಿಗೆ ಪುಡಿಯಾಗುವುದಿಲ್ಲ. ಗಾಳಿಯ ಕತೆ ಮಾತ್ರ ಅದೇ, ಆದ್ದರಿಂದ ಇದನ್ನೂ ಕತ್ತರಿಸಲೇಬೇಕು. ತೆಳು ಸಿಲಿಕಾನ್ ಬೇಸ್‌ಗೆ ತಾನೇ ಅದುರಿ ತಗಡಿಗೆ ತಾಗಿ ಸದ್ದು ಮಾಡಬಹುದು. ಜಾಸ್ತಿ ದುಡ್ಡು ಕೊಟ್ಟು ಅದನ್ನೇ ತರುವ ಕಾರಣ ನನಗೆ ಕಾಣುವುದಿಲ್ಲ.

ಪ್ಲಾಸ್ಟಿಕ್ ಸೂರು

ನನ್ನ ವೋಟು ಇದಕ್ಕೆ. ಸ್ಪೀಕರ್‌ಗೂ ತಗಡಿಗೂ ನಡುವೆ ಕೊಡುವ ಸ್ಪೀಕರ್ ರಿಂಗ್‌ನ ಮೇಲಿನ ಅರ್ಧಕ್ಕೆ ಹೊಂದಿಕೊಂಡು ಹಿಂದಕ್ಕೆ ಚಾಚಿದ ಒಂದು ಗಟ್ಟಿ ಪ್ಲಾಸ್ಟಿಕ್ ತುಂಡು, ಅಷ್ಟೇ. ಕೆಲವು ಕಾರುಗಳಿಗೆ ಅಂತಲೇ ಮಾಡಿದ ಸ್ಪೀಕರ್ ರಿಂಗ್‌ಗಳಲ್ಲಿ ಇದು ಜೊತೆಗೇ ಬಂದಿರುತ್ತದೆ. ಇಲ್ಲದಿದ್ದರೆ ಖಾಲಿ ಎಣ್ಣೆ ಕ್ಯಾನ್‌ನ ಬಾಗಿದ ಭಾಗವನ್ನು ಕತ್ತರಿಸಿದರೂ ಆಗುತ್ತದೆ. ಒಂದು ಅಂಚನ್ನು ರಿಂಗ್ ಕೆಳಗೆ ಸಿಕ್ಕಿಸಿ ಅದೇ ಸ್ಕ್ರೂಗಳಲ್ಲಿ ಬಿಗಿ ಮಾಡಿ. ತಗಡಿಗೆ ತಾಗುವ ಕಡೆ ಫೋಮ್ ಟೇಪ್ ಹಚ್ಚಿ, ಅದುರಿ ಕಟಕಟ ಅನ್ನದಿರಲಿ. ಹೊರಗಿನ ತುದಿ ಸ್ವಲ್ಪ ಕೆಳಮುಖವಾಗಿರಬೇಕು. ಇಲ್ಲದಿದ್ದರೆ ಹನಿ ಅಡಿಭಾಗದಲ್ಲಿ ಹರಿದು ವಾಪಸ್ ಮ್ಯಾಗ್ನೆಟ್‌ಗೇ ಬರುತ್ತದೆ.

ಒಂದೇ ಎಚ್ಚರ: ಗ್ಲಾಸ್. ಪೂರ್ತಿ ಇಳಿಸಿದಾಗ ಗ್ಲಾಸ್ ಮ್ಯಾಗ್ನೆಟ್‌ನ ಹಿಂದೆಯೇ ಬಂದು ನಿಲ್ಲುತ್ತದೆ. ಸೂರು ಅದಕ್ಕೆ ಅಡ್ಡ ಬಂದರೆ ಗ್ಲಾಸ್ ಮೇಲೆ ಗೀರು ಬೀಳುತ್ತದೆ, ಇಲ್ಲವೇ ಮೋಟರ್ ಸಿಕ್ಕಿಹಾಕಿಕೊಳ್ಳುತ್ತದೆ. ಕೂರಿಸಿದ ಮೇಲೆ ಗ್ಲಾಸನ್ನು ಕೈಯಲ್ಲಿ ಒತ್ತಿ ಹಿಡಿದು ಪೂರ್ತಿ ಇಳಿಸಿ ಏರಿಸಿ ನೋಡಿ. ಫೋಮ್ ಕಪ್‌ಗೂ ಇದೇ ಮಾತು, ಆದರೆ ಅದು ಮೆತ್ತಗಿರುವುದರಿಂದ ತಾಗಿದರೂ ಗೀರಾಗುವುದಿಲ್ಲ. ಜಾಗ ತೀರಾ ಕಡಿಮೆ ಇರುವ ಬಾಗಿಲಲ್ಲಿ ಕತ್ತರಿಸಿದ ಫೋಮ್ ಕಪ್ಪೇ ವಾಸಿ.

ಡ್ಯಾಂಪಿಂಗ್ ಶೀಟ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ

ಬ್ಯೂಟೈಲ್ ಮೇಲೆ ಅಲ್ಯೂಮಿನಿಯಂ ಫಾಯಿಲ್ ಇರುವ ಶೀಟ್‌ಗಳನ್ನು ಬಾಗಿಲಿನ ತಗಡಿಗೆ ಅಂಟಿಸಿ ರೋಲರ್ ಒತ್ತುವ ಕೆಲಸ ಇದು. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಈ ಕೆಲಸ ನಡೆಯದ ದಿನವಿಲ್ಲ. ತಗಡು ಅದುರುವುದು ಕಡಿಮೆಯಾಗುತ್ತದೆ, ಸೌಂಡ್ ಗಟ್ಟಿಯಾಗುತ್ತದೆ. ಒಳತಗಡಿನ ದೊಡ್ಡ ತೂತುಗಳನ್ನೂ ಮುಚ್ಚಿದರೆ ಕಂಪನಿಯ ಪ್ಲಾಸ್ಟಿಕ್ ಹಾಳೆಗಿಂತ ಚೆನ್ನಾಗಿ ನೀರು ತಡೆಯುತ್ತದೆ. ಕೋನ್‌ನ ಮುಂದಿನ ಮತ್ತು ಹಿಂದಿನ ಗಾಳಿ ಬೆರೆಯುವುದು ನಿಲ್ಲುವುದರಿಂದ ಬೇಸ್ ಹೆಚ್ಚುತ್ತದೆ. ಸೌಂಡೂ ಬೇಕು, ಕಾರೂ ಒಣಗಿರಬೇಕು ಅನ್ನುವವರಿಗೆ ದುಡ್ಡಿಗೆ ಮೋಸವಿಲ್ಲ.

ಆದರೆ ಸ್ಪೀಕರ್ ಬೆನ್ನಿಗೆ ಇದರಿಂದ ನೇರ ರಕ್ಷಣೆ ಏನೂ ಇಲ್ಲ. ಡ್ಯಾಂಪಿಂಗ್ ಮಾಡಿಸಿದ್ದೇನೆ, ನೀರು ಬರಲ್ಲ ಅನ್ನುವುದು ತಪ್ಪು ಲೆಕ್ಕ. ಹನಿ ಬೀಳುತ್ತಿದ್ದ ಜಾಗದಲ್ಲೇ ಬೀಳುತ್ತಿರುತ್ತದೆ. ಸೂರು ಬೇಕಿದ್ದರೆ ಡ್ಯಾಂಪಿಂಗ್ ಜೊತೆಗೂ ಬೇಕು.

ದೊಡ್ಡ ತೂತಿಗೆ ಬರೀ ಶೀಟ್ ಅಂಟಿಸಿದರೆ ಅದು ಡೋಲಿನ ಚರ್ಮದಂತೆ ಬಡಿಯುತ್ತದೆ, ಬಿಸಿಲಿಗೆ ಜೋತು ಬೀಳುತ್ತದೆ. ಹಿಂದೆ ಗಟ್ಟಿ ಆಧಾರ ಬೇಕು. ನಾಮಫಲಕದ ಬೋರ್ಡ್ ಮಾಡುವ ಅಂಗಡಿಯಲ್ಲಿ ಎಸಿಪಿ (ಪ್ಲಾಸ್ಟಿಕ್‌ನ ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಇರುವ ಬೋರ್ಡ್) ತುಂಡು ಸಿಗುತ್ತದೆ, ಅದನ್ನು ಅಳತೆಗೆ ಕತ್ತರಿಸಿ ಬ್ಯೂಟೈಲ್ ಹಚ್ಚಿ ಸ್ಕ್ರೂ ಹಾಕಿದರೆ ಆಮೇಲೆ ರಿಪೇರಿಗೆ ಬಿಚ್ಚಲೂ ಸುಲಭ. ತಳದ ನೀರು ತೂತುಗಳ ಮೇಲೆ ಶೀಟ್ ಬರಬಾರದು. ಕೆಲಸ ಮುಗಿಸಿ ಪ್ಯಾಡ್ ಹಾಕುವ ಮೊದಲು ಇದನ್ನು ನೀವೇ ಬಗ್ಗಿ ನೋಡಿ, ಬೇರೆಯವರ ಮಾತಿಗೆ ಬಿಡಬೇಡಿ.

ಬ್ಯೂಟೈಲ್ ಅಂತ ಹೇಳಿ ಡಾಂಬರಿನ ಶೀಟ್ ಮಾರುವವರೂ ಇದ್ದಾರೆ. ತಾರಸಿ ಲೀಕೇಜ್‌ಗೆ ಹಾಕುವ ಮಾಲು ಅದು. ಮೂಸಿದರೆ ರಸ್ತೆ ಕೆಲಸದ ವಾಸನೆ ಬರುತ್ತದೆ. ಕಲಬುರಗಿ, ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲೊಳಗೆ ಅದು ಮೆತ್ತಗಾಗಿ ಜಾರುತ್ತದೆ, ಜಾರಿದ್ದು ತಳದ ತೂತಿಗೇ ಹೋಗಿ ಕೂರುತ್ತದೆ.

ರಿಂಗ್ ಮತ್ತು ಸ್ಕ್ರೂ

ಸ್ಪೀಕರ್ ಕೆಳಗೆ ಕೊಡುವ ರಿಂಗ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಬೋರ್ಡ್) ರಿಂಗ್ ಅಗ್ಗ, ಕತ್ತರಿಸಲು ಸುಲಭ. ನೀರು ಕುಡಿದರೆ ಬಿಸ್ಕತ್ತಾಗುತ್ತದೆ. ಸ್ಕ್ರೂ ಹಿಡಿತ ಬಿಡುತ್ತದೆ, ಸ್ಪೀಕರ್ ಅಲುಗಾಡುತ್ತದೆ, ಆ ಸಂದಿನಿಂದಲೇ ನೀರು ಪ್ಯಾಡ್‌ಗೆ ಬರುತ್ತದೆ. ಅದೇ ಹಾಕುವುದಾದರೆ ಎಲ್ಲ ಬದಿಗೂ, ಸ್ಕ್ರೂ ತೂತಿನ ಒಳಗೂ, ಎರಡು ಮೂರು ಕೋಟ್ ವಾರ್ನಿಷ್ ಅಥವಾ ಎಪಾಕ್ಸಿ ಕುಡಿಸಬೇಕು. ಮರೀನ್ ಪ್ಲೈವುಡ್ ಅದಕ್ಕಿಂತ ಮೇಲು. ಎಬಿಎಸ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ರಿಂಗ್ ಸಿಕ್ಕರೆ ಚಿಂತೆಯೇ ಇಲ್ಲ. ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆ ಇದೆಯಲ್ಲ, ಅದೂ ಹೆಚ್ಚಾಗಿ ಎಚ್‌ಡಿಪಿಇ ಜಾತಿಯದೇ, ಕೊರೆದು ರಿಂಗ್ ಮಾಡಿಕೊಳ್ಳುವವರಿದ್ದಾರೆ. ಅದಕ್ಕೆ ಅಂಟು ಹಿಡಿಯುವುದಿಲ್ಲ, ಸ್ಕ್ರೂನಲ್ಲೇ ಬಿಗಿಯಬೇಕು. ಸ್ಕ್ರೂಗಳು ಸ್ಟೇನ್‌ಲೆಸ್ ಇರಲಿ. ವೈರ್ ಸ್ಪೀಕರ್‌ಗೆ ಬರುವ ಮೊದಲು ಸ್ವಲ್ಪ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಿ ಟರ್ಮಿನಲ್ ಸೇರಲಿ. ವೈರ್ ಗುಂಟ ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸ್ಪೀಕರನ್ನೇ ಬದಲಿಸುವುದಾದರೆ

ಇನ್ನೂ ಕೊಂಡಿಲ್ಲ ಅನ್ನುವವರಿಗೆ ಕೆಲಸ ಅರ್ಧ ಸುಲಭ. ಪಾಲಿಪ್ರಾಪಿಲಿನ್ ಅನ್ನುವ ಪ್ಲಾಸ್ಟಿಕ್ಕಿನ ಕೋನ್, ಸುತ್ತ ರಬ್ಬರ್ ಅಂಚು, ಎರಕದ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಚೌಕಟ್ಟು, ಈ ಮೂರು ಇದ್ದರೆ ನಮ್ಮ ಮಳೆಗೆ ಸಾಕು. ಫೋಮ್ ಅಂಚಿನ ಸ್ಪೀಕರ್ ಬೇಡ, ಕೆಲವು ವರ್ಷಕ್ಕೆ ತಾನೇ ಉದುರುತ್ತದೆ. ಪೇಪರ್ ಕೋನ್‌ನ ದನಿ ಇಷ್ಟ ಅನ್ನುವವರು ಲೇಪನ ಇರುವ ಪೇಪರ್ ನೋಡಿ ತಗೊಳ್ಳಿ, ಜೊತೆಗೆ ಸೂರು ಕಡ್ಡಾಯ.

ದೋಣಿಗಳಿಗೆ ಮಾಡುವ ಮರೀನ್ ಸ್ಪೀಕರ್‌ಗಳೂ ಇವೆ. ಅವು ಉಪ್ಪುಗಾಳಿ, ಬಿಸಿಲು ಎರಡನ್ನೂ ತಡೆಯುತ್ತವೆ. ಬಾಕ್ಸ್ ಮೇಲೆ ಐಪಿ ನಂಬರ್ ಇರುತ್ತದೆ, ಧೂಳು ಮತ್ತು ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ಅದರ ಎರಡನೇ ಅಂಕಿ ನೀರಿನದು: 5 ಅಂದರೆ ಪೈಪ್‌ನಿಂದ ನೀರು ಹೊಡೆದರೂ ತಡೆಯುತ್ತದೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಆದರೆ ಕೆಲವದರಲ್ಲಿ ಈ ನಂಬರ್ ಅನ್ವಯಿಸುವುದು ಫಿಟ್ ಮಾಡಿದ ಮೇಲೆ ಕಾಣುವ ಮುಖಕ್ಕೆ ಮಾತ್ರ, ಬೆನ್ನಿಗಲ್ಲ. ದೋಣಿಯಲ್ಲಿ ನೀರು ಎರಚುವುದು ಮುಂದಿನಿಂದ, ಕಾರಿನಲ್ಲಿ ತೊಟ್ಟಿಕ್ಕುವುದು ಹಿಂದಿನಿಂದ. ಇದನ್ನು ಕೇಳದೆ ಜಾಸ್ತಿ ದುಡ್ಡು ಕೊಡಬೇಡಿ. ಜೀಪಿನ ಥರ ಬಾಗಿಲು ತೆಗೆದು ಓಡಾಡುವವರಿಗೆ, ಕಡಲ ದಂಡೆಯಲ್ಲೇ ಕಾರು ನಿಲ್ಲಿಸುವವರಿಗೆ ಇದು ಸರಿ. ಉಳಿದವರಿಗೆ ಸುಮ್ನೆ ಖರ್ಚು.

ಯಾರಿಗೆ ಯಾವುದು?

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರಿಗೆ, ಕಾರು ಶೆಡ್ಡಿನಲ್ಲಿ ನಿಲ್ಲುವುದಾದರೆ, ಶೀಟ್ ಸರಿಯಾಗಿ ಅಂಟಿಸಿ ಪ್ಲಾಸ್ಟಿಕ್ ರಿಂಗ್ ಹಾಕಿದರೆ ಸಾಕು. ಹನಿ ನೇರ ಬೀಳುತ್ತಿದ್ದರೆ ಮಾತ್ರ ಸೂರು. ರಸ್ತೆಯಲ್ಲೇ ನಿಲ್ಲುವ ಕಾರಾದರೆ ಪರೀಕ್ಷೆ ಏನೇ ಹೇಳಲಿ, ಸೂರು ಹಾಕಿಬಿಡಿ.

ಮಲೆನಾಡಿನ ಕತೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ತಿಂಗಳುಗಟ್ಟಲೆ ಬಾಗಿಲಿನ ಹೊಟ್ಟೆ ಒಣಗುವುದೇ ಇಲ್ಲ. ಅಲ್ಲಿ ಹನಿಗಿಂತ ಪಸೆ ದೊಡ್ಡ ಶತ್ರು. ಕೊಡಗು, ತೀರ್ಥಹಳ್ಳಿ, ಸಕಲೇಶಪುರದವರು ಪೂರ್ತಿ ಕಪ್ ಹಾಕಿದರೆ ಪಸೆಯನ್ನು ಒಳಗೇ ಕೂಡಿಹಾಕಿದಂತೆ. ಸೂರು, ಪಾಲಿಪ್ರಾಪಿಲಿನ್ ಕೋನ್, ತಗಡಿನ ತೂತು ಮುಚ್ಚುವ ಡ್ಯಾಂಪಿಂಗ್, ಇವು ಮೂರೂ ಸೇರಿದರೆ ಒಳ್ಳೆಯದು. ಮಂಗಳೂರು, ಉಡುಪಿ, ಕಾರವಾರದ ಕಡೆ ಇದರ ಜೊತೆಗೆ ಉಪ್ಪು. ಟರ್ಮಿನಲ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಸದ, ಪಸೆ ತಡೆಯುವ ಗ್ರೀಸ್) ಸವರಿ, ತವರ ಲೇಪದ ವೈರ್ ಹಾಕಿಸಿ, ಎಂಡಿಎಫ್ ಮುಟ್ಟಲೇಬೇಡಿ.

ಬಯಲುಸೀಮೆಯಲ್ಲಿ ಮಳೆಗಿಂತ ವಾಟರ್ ವಾಶ್ ಜೋಪಾನ. ಪ್ರೆಶರ್ ಗನ್ನನ್ನು ಗ್ಲಾಸ್ ಬೀಡಿಂಗ್‌ಗೆ ಗುರಿ ಇಟ್ಟು ಹೊಡೆದರೆ ಮಳೆಯಲ್ಲಿ ಬಾರದಷ್ಟು ನೀರು ಒಂದು ನಿಮಿಷದಲ್ಲಿ ಒಳಗಿರುತ್ತದೆ. ದೂರದಿಂದ ಹೊಡೆಯಿರಿ ಅಂತ ಹೇಳಿದರೆ ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯಿತು.

ಪ್ರವಾಹಕ್ಕೆ ಮಾತ್ರ ಇವು ಯಾವುವೂ ಉತ್ತರವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತ ಆದಂತೆ ಕಾರೇ ನೀರಲ್ಲಿ ನಿಂತರೆ, ನೀರು ಹೊರಹೋಗುವ ತೂತುಗಳಿಂದಲೇ ಒಳಗೆ ಏರುತ್ತದೆ. ಆಗ ಸ್ಪೀಕರ್ ಬಗ್ಗೆ ಯೋಚಿಸಲು ಪುರುಸೊತ್ತೂ ಇರುವುದಿಲ್ಲ ಅನ್ನಿ.

ಪ್ಯಾಡ್ ಮುಚ್ಚುವ ಮುನ್ನ

ಯಾವುದನ್ನೇ ಆರಿಸಿ, ಡೋರ್ ಪ್ಯಾಡ್ ಹಾಕುವ ಮೊದಲು ಇನ್ನೊಂದು ಸಲ ನೀರು ಸುರಿಯಿರಿ. ಈ ಸಲ ಸ್ಪೀಕರ್ ರಿಂಗ್‌ನ ಕೆಳಗೂ ಶೀಟ್‌ನ ತಳದ ಅಂಚಿನ ಗುಂಟವೂ ಟಿಶ್ಯೂ ಪೇಪರ್ ಅಂಟಿಸಿ. ಹತ್ತು ನಿಮಿಷ ಬಿಡಿ. ಟಿಶ್ಯೂ ಎಲ್ಲಿ ಒದ್ದೆಯಾಗಿದೆಯೋ ಅದರ ನೇರ ಮೇಲೆ ಬ್ಯೂಟೈಲ್ ಸರಿಯಾಗಿ ಕೂತಿಲ್ಲ, ಹೆಬ್ಬೆರಳಿನಲ್ಲಿ ಒತ್ತಿ. ಪ್ಯಾಡ್‌ನ ಕ್ಲಿಪ್‌ಗಳು ಬಿಚ್ಚುವಾಗ ಒಂದೆರಡಾದರೂ ಮುರಿಯುತ್ತವೆ, ಮೊದಲೇ ನಾಲ್ಕೈದು ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಸ್ಪೀಕರ್ ಒಣಗಿದ್ದರೂ ಪ್ಯಾಡ್ ಅಲ್ಲಾಡಿ, ಹೊಸ ಸ್ಪೀಕರ್ರೇ ಕೆಟ್ಟಿದೆ ಅಂತ ಮತ್ತೆ ಅಂಗಡಿಗೆ ಹೋಗಬೇಕಾಗುತ್ತದೆ.